ಅಗ್ಗದ ವಿಮಾನ ಸಂಸ್ಥೆ ಕಟ್ಟುವವರಿಗೆ: ಲೆಕ್ಕ ಮೊದಲು, ಹೆಸರು ಕೊನೆಗೆ

ವಿಮಾನ ಸಂಸ್ಥೆ ಆರಂಭಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೂತು ಹೆಸರು ಹುಡುಕುತ್ತಾರೆ. ಆಮೇಲೆ ಬಾಲಕ್ಕೆ ಬಣ್ಣ ಆರಿಸುತ್ತಾರೆ. ಗಗನಸಖಿಯರ ಸಮವಸ್ತ್ರದ ಚಿತ್ರ ಸಿದ್ಧವಾಗುವ ಹೊತ್ತಿಗೂ ಇಂಧನದ ಲೆಕ್ಕವನ್ನು ಯಾರೂ ಹಾಕಿರುವುದಿಲ್ಲ. ಗೋಏರ್ ಸಂಸ್ಥೆ 2021ರ ಮೇ ತಿಂಗಳಲ್ಲಿ ಗೋ ಫಸ್ಟ್ ಎಂದು ಹೆಸರು ಬದಲಿಸಿಕೊಂಡಿತು. ಎರಡು ವರ್ಷ ಕಳೆದು, 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿ ಹಾರಾಟ ನಿಲ್ಲಿಸಿತು. ಹೊಸ ಹೆಸರಿನಲ್ಲಿ ದೋಷವೇನೂ ಇರಲಿಲ್ಲ. ಎಂಜಿನ್‌ಗಳು ಸಿಗದೆ ವಿಮಾನಗಳಲ್ಲಿ ಅರ್ಧದಷ್ಟು ನೆಲದಲ್ಲೇ ನಿಂತಿದ್ದವು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೆಸರಿನ ಮಾತು ಕೊನೆಯ ಭಾಗದಲ್ಲಿ ಬರುತ್ತದೆ. ಉದಾಹರಣೆಗಳೆಲ್ಲ ಭಾರತದವು, ಅವುಗಳಲ್ಲಿ ಬೆಂಗಳೂರಿನವೇ ಹೆಚ್ಚು. ದೇಶದ ಮೊದಲ ಅಗ್ಗದ ವಿಮಾನ ಸಂಸ್ಥೆ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಹುಟ್ಟಿದ್ದು ಇಲ್ಲೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅದನ್ನು ಕಟ್ಟಿದರು. ಅದರ ಗೆಲುವಿನಿಂದ ಕಲಿಯುವುದು ಎಷ್ಟಿದೆಯೋ ಸೋಲಿನಿಂದ ಕಲಿಯುವುದೂ ಅಷ್ಟೇ ಇದೆ.

ಹೆಜ್ಜೆ 1: ಊರುಗಳ ಜೋಡಿ ಆರಿಸಿ

ಯಾವ ವಿಮಾನ ಎಂದು ಕೇಳುವ ಮೊದಲು ಯಾವ ಊರಿನಿಂದ ಯಾವ ಊರಿಗೆ ಎಂದು ಕೇಳಿಕೊಳ್ಳಿ. ಅಗ್ಗದ ವಿಮಾನದ ನಿಜವಾದ ಎದುರಾಳಿ ರಾತ್ರಿ ಬಸ್ಸು. ಸ್ಲೀಪರ್ ಬಸ್ ಹತ್ತಿದವರಿಗೆ ಒಂದು ರಾತ್ರಿಯ ಲಾಡ್ಜ್ ಖರ್ಚು ಉಳಿಯುತ್ತದೆ, ಬೆಳಿಗ್ಗೆ ಊರಿನ ನಡುವೆ ಇಳಿಯುತ್ತಾರೆ. ವಿಮಾನದಲ್ಲಿ ಬಂದವರು ದೇವನಹಳ್ಳಿಯಲ್ಲಿ ಇಳಿದು ನಗರದ ನಡುವಿಗೆ ಇನ್ನೂ ಮೂವತ್ತೈದು ಕಿಲೋಮೀಟರ್‌ನಷ್ಟು ಸಾಗಬೇಕು. 2008ರ ಮೇ ತಿಂಗಳವರೆಗೆ ನಗರದೊಳಗಿನ ಎಚ್‌ಎಎಲ್ ನಿಲ್ದಾಣ ನಾಗರಿಕ ವಿಮಾನಗಳಿಗೆ ತೆರೆದಿದ್ದಾಗ ಸಣ್ಣ ದೂರದ ಹಾರಾಟಗಳ ಲೆಕ್ಕವೇ ಬೇರೆಯಿತ್ತು.

ಒಂದು ಹಾಳೆಯಲ್ಲಿ ಪ್ರತಿ ಜೋಡಿಗೂ ಮನೆಬಾಗಿಲಿನಿಂದ ಮನೆಬಾಗಿಲಿಗೆ ತಗಲುವ ಸಮಯ, ಬಸ್ ದರ, ರೈಲಿನ ಸಮಯ, ಮಳೆಗಾಲದ ರಸ್ತೆಯ ಸ್ಥಿತಿ ಇವನ್ನು ಬರೆಯಿರಿ. ಮೈಸೂರು–ಬೆಂಗಳೂರು ಅಲ್ಲೇ ಬಿದ್ದುಹೋಗುತ್ತದೆ. ಹೆದ್ದಾರಿಯಲ್ಲಿ ಕಾರು ಮೈಸೂರು ಮುಟ್ಟುವ ಹೊತ್ತಿಗೆ ವಿಮಾನದ ಪ್ರಯಾಣಿಕ ಭದ್ರತಾ ತಪಾಸಣೆ ಮುಗಿಸಿ ಗೇಟಿನಲ್ಲಿ ಕೂತಿರುತ್ತಾನೆ. ಹುಬ್ಬಳ್ಳಿ ಎಡಬಿಡಂಗಿ ಪ್ರಶ್ನೆ: 2023ರ ಜೂನ್‌ನಿಂದ ಧಾರವಾಡಕ್ಕೆ ವಂದೇ ಭಾರತ್ ರೈಲು ಓಡುತ್ತಿದೆ. ಕಲಬುರಗಿ, ಬೀದರ್ ಗಟ್ಟಿ ಅಭ್ಯರ್ಥಿಗಳು, ಏಕೆಂದರೆ ರಸ್ತೆಯಲ್ಲಿ ಇಡೀ ರಾತ್ರಿ ಹೋಗುತ್ತದೆ. ಮಂಗಳೂರಿಗೆ ಶಿರಾಡಿ ಘಾಟಿಯೇ ನಿಮ್ಮ ಪರವಾಗಿ ಪ್ರಚಾರ ಮಾಡುತ್ತದೆ.

ವಿಮಾನ ಬೇಕು ಎಂದು ಊರಿನ ವಾಣಿಜ್ಯ ಸಂಸ್ಥೆ ಕೊಡುವ ಮನವಿ ಪತ್ರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ವಿಮಾನ ಬೇಡ ಎನ್ನುವ ಊರು ದೇಶದಲ್ಲಿಲ್ಲ. ಅದರ ಬದಲು ಆ ಊರಿನ ನಾಲ್ಕು ಟ್ರಾವೆಲ್ ಏಜೆಂಟರ ಬಳಿ ಕುಳಿತು ಮಂಗಳವಾರ ಮಧ್ಯಾಹ್ನ ಬೆಂಗಳೂರಿಗೆ ಯಾರು ಹೋಗುತ್ತಾರೆ ಎಂದು ಕೇಳಿ. ಶುಕ್ರವಾರ ಸಂಜೆ ಎಲ್ಲರಿಗೂ ತುಂಬುತ್ತದೆ. ಸಂಸ್ಥೆ ಉಳಿಯುವುದು ಮಂಗಳವಾರದ ಮೇಲೆ. ಸಕ್ಕರೆ ಕಾರ್ಖಾನೆ, ವೈದ್ಯಕೀಯ ಕಾಲೇಜು, ಸೇನಾ ನೆಲೆ ಇರುವ ಊರುಗಳಲ್ಲಿ ವಾರದ ನಡುವೆಯೂ ಓಡಾಟ ಇರುತ್ತದೆ. ಮನವಿ ತಂದವರಿಗೆ, ವರ್ಷಕ್ಕೆ ಇಷ್ಟು ಸೀಟುಗಳನ್ನು ಮುಂಗಡ ಕೊಟ್ಟು ಕೊಳ್ಳುತ್ತೀರಾ ಎಂದು ಕೇಳಿ ನೋಡಿ. ಅಲ್ಲಿ ಬೀಳುವ ಮೌನವೂ ಒಂದು ಮಾರುಕಟ್ಟೆ ಸಮೀಕ್ಷೆಯೇ.

ಸಣ್ಣ ಊರುಗಳಿಗೆ ವಿಮಾನ ತಲುಪಿಸಲು ಕೇಂದ್ರ ಸರ್ಕಾರ ತಂದ ಉಡಾನ್ ಯೋಜನೆಯ ನೆರವನ್ನು ಬಳಸಿಕೊಳ್ಳಿ, ಆದರೆ ಅದರ ಮೇಲೆ ಮನೆ ಕಟ್ಟಬೇಡಿ. 2016ರಲ್ಲಿ ಪ್ರಕಟವಾದ ಈ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು ಒಂದು ಗಂಟೆಯ ಹಾರಾಟದ ಅರ್ಧದಷ್ಟು ಸೀಟುಗಳನ್ನು ಆರಂಭದಲ್ಲಿ 2,500 ರೂಪಾಯಿಯ ಮಿತಿಯೊಳಗೆ ಮಾರಬೇಕಿತ್ತು. ನಷ್ಟದ ಅಂತರವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತಿತ್ತು. ಅನುದಾನ ಮುಗಿದ ಮೇಲೆ ಅನೇಕ ಮಾರ್ಗಗಳು ನಿಂತವು. ಹೈದರಾಬಾದಿನ ಟ್ರೂಜೆಟ್ ಬೀದರಿಗೂ ಬಳ್ಳಾರಿಯ ಬಳಿಯ ವಿದ್ಯಾನಗರಕ್ಕೂ ಹಾರಿ 2022ರ ಆರಂಭದಲ್ಲಿ ನಿಂತುಹೋಯಿತು. ನಾಲ್ಕನೆಯ ವರ್ಷದ ದರ ಎಷ್ಟು ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಒಂದು ಹಾರಾಟದ ಲೆಕ್ಕ

78 ಸೀಟಿನ ಎಟಿಆರ್ ವಿಮಾನ (ಸಣ್ಣ ದೂರಕ್ಕೆ ಹಾರುವ ಪ್ರೊಪೆಲರ್ ವಿಮಾನ) ಒಂದು ಸಲ ಹೋಗಲು ಎಲ್ಲ ಸೇರಿ 2,40,000 ರೂಪಾಯಿ ತಗಲುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಎಲ್ಲ ಸೀಟೂ ತುಂಬಿದರೆ ತಲೆಗೆ 3,077 ರೂಪಾಯಿ. 62 ಮಂದಿ ಬಂದರೆ 3,871. 47 ಮಂದಿ ಬಂದರೆ 5,106. ತೆರಿಗೆಯೂ ನಿಲ್ದಾಣದ ಶುಲ್ಕವೂ ಇದರ ಮೇಲೆ. 1,999 ರೂಪಾಯಿಗೆ ಟಿಕೆಟ್ ಎಂದು ಫಲಕ ಹಾಕುವ ಮುನ್ನ ಆ ದರದ ಸೀಟು ಎಷ್ಟು, ಉಳಿದವರು ಕೊಡಬೇಕಾದ್ದು ಎಷ್ಟು ಎಂಬುದು ನಿಮ್ಮ ಬಾಯಿಯಲ್ಲಿರಬೇಕು.

ಭಾರತದಲ್ಲಿ ವಿಮಾನ ಸಂಸ್ಥೆಯ ಖರ್ಚಿನಲ್ಲಿ ಇಂಧನದ ಪಾಲೇ ದೊಡ್ಡದು, ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ವಿಮಾನ ಇಂಧನ ಇನ್ನೂ ಜಿಎಸ್‌ಟಿ ವ್ಯಾಪ್ತಿಗೆ ಬಂದಿಲ್ಲ, ಒಂದೊಂದು ರಾಜ್ಯದ ಮಾರಾಟ ತೆರಿಗೆ ಒಂದೊಂದು ಥರ. ಹೀಗಾಗಿ ತೆರಿಗೆ ಕಡಿಮೆ ಇರುವ ರಾಜ್ಯದಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬರುವುದು ವೇಳಾಪಟ್ಟಿ ಬರೆಯುವವರ ಕೆಲಸದ ಭಾಗವೇ ಆಗಿದೆ. ಹೆಚ್ಚಿನ ಭಾರ ಹೊತ್ತು ಹಾರಿದರೆ ಇಂಧನ ಇನ್ನಷ್ಟು ಉರಿಯುತ್ತದೆ, ಆ ಕಳೆತವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಡಾಲರು. ಟಿಕೆಟ್ ಮಾರುವುದು ರೂಪಾಯಿಯಲ್ಲಿ; ವಿಮಾನದ ಬಾಡಿಗೆ, ಎಂಜಿನ್ ದುರಸ್ತಿಗೆ ತಿಂಗಳು ತಿಂಗಳೂ ಕಟ್ಟುವ ಮೀಸಲು ಹಣ, ಬಿಡಿಭಾಗ ಎಲ್ಲವೂ ಡಾಲರಿನಲ್ಲಿ. ರೂಪಾಯಿ ಜಾರಿದ ದಿನ ನೀವು ಏನೂ ತಪ್ಪು ಮಾಡದೆ ನಷ್ಟಕ್ಕೆ ಬೀಳುತ್ತೀರಿ. ಮೊದಲ ಹಾರಾಟದ ನಂತರ ಒಂದು ರೂಪಾಯಿ ಆದಾಯ ಬರದಿದ್ದರೂ ಆರು ತಿಂಗಳು ಸಂಬಳ, ಬಾಡಿಗೆ ಕಟ್ಟುವಷ್ಟು ನಗದು ಇಲ್ಲದಿದ್ದರೆ ಉದ್ಘಾಟನೆಯನ್ನು ಮುಂದೂಡುವುದು ಲೇಸು. ಮುಂಗಡ ಬುಕಿಂಗ್‌ನಿಂದ ಬಂದ ಹಣ ನಿಮ್ಮದಲ್ಲ, ಪ್ರಯಾಣಿಕರದು. ಇದನ್ನು ಮರೆತು ನಾಳಿನ ಟಿಕೆಟ್ ಹಣದಲ್ಲಿ ನಿನ್ನೆಯ ಇಂಧನದ ಬಿಲ್ಲು ಕಟ್ಟಲು ಶುರುಮಾಡಿದ ಸಂಸ್ಥೆಗಳು ಕೊನೆಗೆ ಪ್ರಯಾಣಿಕರ ಕೈಯಲ್ಲಿ ಬರೀ ಚೀಟಿ ಉಳಿಸಿ ಹೋಗುತ್ತವೆ.

ಹೆಜ್ಜೆ 3: ಪರವಾನಗಿ

ನಾಗರಿಕ ವಿಮಾನಯಾನ ಸಚಿವಾಲಯದಿಂದ ನಿರಾಕ್ಷೇಪಣಾ ಪತ್ರ, ನಿರ್ದೇಶಕರಿಗೆ ಭದ್ರತಾ ಅನುಮತಿ, ಆಮೇಲೆ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯಿಂದ ಏರ್ ಆಪರೇಟರ್ ಸರ್ಟಿಫಿಕೇಟ್. ಕೈಪಿಡಿಗಳ ಪರಿಶೀಲನೆ ಮುಗಿದು, ಅಧಿಕಾರಿಗಳನ್ನು ಕೂರಿಸಿಕೊಂಡು ಪರೀಕ್ಷಾರ್ಥ ಹಾರಾಟ ನಡೆಸಿ ತೋರಿಸಿದ ಮೇಲೆಯೇ ಅದು ಸಿಗುತ್ತದೆ. ಆಕಾಶ ಏರ್‌ಗೆ 2021ರ ಅಕ್ಟೋಬರ್‌ನಲ್ಲಿ ನಿರಾಕ್ಷೇಪಣಾ ಪತ್ರ ಸಿಕ್ಕಿತು, 2022ರ ಜುಲೈನಲ್ಲಿ ಸರ್ಟಿಫಿಕೇಟ್ ಬಂತು, ಆಗಸ್ಟ್ 7ರಂದು ಮುಂಬೈಯಿಂದ ಅಹಮದಾಬಾದಿಗೆ ಮೊದಲ ವಿಮಾನ ಹಾರಿತು. ಹಣವೂ ಅನುಭವಿಗಳೂ ಇದ್ದ ತಂಡಕ್ಕೇ ಹತ್ತು ತಿಂಗಳು ಹಿಡಿಯಿತು. ನಿಮ್ಮ ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಬರೆದುಕೊಳ್ಳಿ, ಆ ಅವಧಿಯ ಸಂಬಳವನ್ನೂ. ಸರ್ಟಿಫಿಕೇಟ್ ಕೈಗೆ ಬರುವ ಮುಂಚೆ ಉದ್ಘಾಟನೆಯ ದಿನಾಂಕವನ್ನು ಪತ್ರಿಕೆಗಳಿಗೆ ಕೊಡಬೇಡಿ.

ಹೆಜ್ಜೆ 4: ವಿಮಾನ ಒಂದೇ ಬಗೆಯದು ಇರಲಿ

ಎರಡು ಬಗೆಯ ವಿಮಾನ ಎಂದರೆ ಪೈಲಟ್‌ಗಳಲ್ಲಿ ಎರಡು ಗುಂಪು, ಎಂಜಿನಿಯರ್‌ಗಳಲ್ಲಿ ಎರಡು ಗುಂಪು, ಬಿಡಿಭಾಗಗಳಿಗೆ ಎರಡು ಉಗ್ರಾಣ. ಒಂದು ಕೆಟ್ಟಾಗ ಇನ್ನೊಂದರ ಪೈಲಟ್ ಖಾಲಿ ಕುಳಿತಿದ್ದರೂ ಪ್ರಯೋಜನವಿಲ್ಲ. ಏರ್ ಡೆಕ್ಕನ್ 48 ಸೀಟಿನ ಎಟಿಆರ್‌ನಿಂದ ಶುರುಮಾಡಿ ಮರುವರ್ಷವೇ 180 ಸೀಟಿನ ಏರ್‌ಬಸ್ ತಂದಿತು. 2006ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿದ ಇಂಡಿಗೊ ಹನ್ನೊಂದು ವರ್ಷ ಏರ್‌ಬಸ್ 320 ಕುಟುಂಬ ಬಿಟ್ಟು ಕದಲಲಿಲ್ಲ. ಎಟಿಆರ್ ತಂದದ್ದು 2017ರಲ್ಲಿ.

ಸೀಟಿನ ಸಂಖ್ಯೆಯನ್ನು ನಿಯಮ ನೋಡಿ ನಿರ್ಧರಿಸಿ. ಐವತ್ತು ಸೀಟಿಗೆ ಒಬ್ಬ ಪರಿಚಾರಕ ಇರಬೇಕೆಂಬುದು ನಿಯಮ. ಬೆಂಗಳೂರಿನಿಂದ ಕಾರ್ಯಾಚರಿಸುವ ಸ್ಟಾರ್ ಏರ್ 2019ರಲ್ಲಿ ಹುಬ್ಬಳ್ಳಿಗೆ ಹಾರಿಸಿದ ಎಂಬ್ರೇಯರ್ ವಿಮಾನದಲ್ಲಿ ಸರಿಯಾಗಿ 50 ಸೀಟುಗಳಿದ್ದವು. ಇಂಡಿಗೊದ ಎಟಿಆರ್‌ನಲ್ಲಿ 78 ಸೀಟು ಇರುವುದಕ್ಕೂ ಕಾರಣವಿದೆ: 80ಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕದಲ್ಲಿ ವಿನಾಯಿತಿ ಇದ್ದ ದೇಶ ಇದು. ಇಂಥ ಸಣ್ಣ ಅಕ್ಷರಗಳನ್ನು ಓದುವವರನ್ನು ಜಾಹೀರಾತು ಸಂಸ್ಥೆಗಿಂತ ಮೊದಲು ನೇಮಿಸಿಕೊಳ್ಳಿ.

ಇಂಡಿಗೊ ಹಾರಾಟಕ್ಕೂ ಮುಂಚೆ, 2005ರ ಪ್ಯಾರಿಸ್ ಪ್ರದರ್ಶನದಲ್ಲಿ ನೂರು ವಿಮಾನಗಳಿಗೆ ಆದೇಶ ಕೊಟ್ಟಿತು. ಸಗಟಿನಲ್ಲಿ ಕೊಂಡರೆ ಬೆಲೆ ಇಳಿಯುತ್ತದೆ. ಬಂದ ವಿಮಾನವನ್ನು ಬಾಡಿಗೆ ಸಂಸ್ಥೆಗೆ ಹೆಚ್ಚಿನ ಬೆಲೆಗೆ ಮಾರಿ, ಅದನ್ನೇ ಬಾಡಿಗೆಗೆ ಪಡೆದು ಹಾರಿಸಬಹುದು. ಈ ದಾರಿ ದೊಡ್ಡ ಜೇಬಿನವರಿಗೆ. ಐದು ವಿಮಾನದವರು ನೇರವಾಗಿ ಬಾಡಿಗೆಗೆ ತರಬೇಕು. ಹಳೆಯ ವಿಮಾನವಾದರೆ ಮುಂದಿನ ದೊಡ್ಡ ತಪಾಸಣೆ ಯಾವಾಗ, ಅದರ ಖರ್ಚು ಯಾರದು ಎಂಬ ಸಾಲನ್ನು ಕರಾರಿನಲ್ಲಿ ಎರಡು ಸಲ ಓದಬೇಕು.

ಹೆಜ್ಜೆ 5: ವೇಳಾಪಟ್ಟಿ ಮತ್ತು ಜನ

ನೆಲದಲ್ಲಿ ನಿಂತ ವಿಮಾನಕ್ಕೂ ಬಾಡಿಗೆ ಓಡುತ್ತಿರುತ್ತದೆ. ಇಳಿದ ವಿಮಾನ ಮತ್ತೆ ಏರಲು ಏರ್‌ಬಸ್‌ಗೆ ಅರ್ಧ ಗಂಟೆ, ಎಟಿಆರ್‌ಗೆ ಅದಕ್ಕಿಂತ ಕಡಿಮೆ ಸಾಕಾಗಬೇಕು. ಹಾಗೆಂದು ದಿನವಿಡೀ ಒಂದು ನಿಮಿಷವೂ ಬಿಡುವಿಲ್ಲದಂತೆ ಹೆಣೆದರೆ, ಬೆಳಗ್ಗೆ ಆರರ ಮಂಜು ರಾತ್ರಿ ಒಂಬತ್ತರ ವಿಮಾನವನ್ನು ರದ್ದು ಮಾಡಿಸುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಇದು ಇನ್ನೂ ಕಠಿಣ. ರಾತ್ರಿ ಇಳಿಯುವ ವ್ಯವಸ್ಥೆ ಇಲ್ಲದ ಕಡೆ ಸೂರ್ಯ ಮುಳುಗಿದ ಮೇಲೆ ನಿಮ್ಮ ವಿಳಂಬಕ್ಕೆ ಮದ್ದೇ ಇಲ್ಲ. ಮಧ್ಯಾಹ್ನ ಒಂದು ಗಂಟೆಯ ಬಿಡುವು ಇಡಿ. ವಿಮಾನಗಳು ಐದಾದಾಗ ಆರನೆಯದನ್ನು ಮೀಸಲಿಗೆ ತನ್ನಿ, ಹೊಸ ಮಾರ್ಗಕ್ಕಲ್ಲ. ಹಣಕಾಸು ವಿಭಾಗದವರು ಇದನ್ನು ಒಪ್ಪುವುದಿಲ್ಲ, ಒಪ್ಪಿಸಿ.

ಪೈಲಟ್‌ಗಳ ವಿಷಯದಲ್ಲಿ ಜಿಪುಣತನ ಮಾಡಿದವರಿಗೆ ಈ ದೇಶ ಎರಡು ಪಾಠ ಕಲಿಸಿದೆ. 2023ರಲ್ಲಿ ನಲವತ್ತಕ್ಕೂ ಹೆಚ್ಚು ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಬಿಟ್ಟುಹೋದಾಗ ಆಕಾಶ ಏರ್ ಹಾರಾಟಗಳನ್ನು ಕಡಿತ ಮಾಡಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕ್ಯಾಪ್ಟನ್‌ಗೆ ಒಂದು ವರ್ಷ, ಸಹ ಪೈಲಟ್‌ಗೆ ಆರು ತಿಂಗಳ ನೋಟಿಸ್ ಎಂಬ ನಿಯಮ ಕಾಗದದಲ್ಲಿ ಇದ್ದೇ ಇತ್ತು. ಎರಡನೆಯದು 2025ರ ಡಿಸೆಂಬರ್: ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಸಿದ್ಧತೆ ಇಲ್ಲದೆ ಇಂಡಿಗೊ ಕೆಲವೇ ದಿನಗಳಲ್ಲಿ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. ಸಮಯಪಾಲನೆಯನ್ನೇ ಬಂಡವಾಳ ಮಾಡಿಕೊಂಡು ಬೆಳೆದ ಸಂಸ್ಥೆ ಅದು. ಹತ್ತೊಂಬತ್ತು ವರ್ಷ ಗಳಿಸಿದ್ದ ಹೆಸರನ್ನು ಪೈಲಟ್‌ಗಳ ಪಾಳಿಪಟ್ಟಿ ಒಂದೇ ವಾರದಲ್ಲಿ ಅಲುಗಾಡಿಸಿತು.

ಹೆಜ್ಜೆ 6: ದರದ ಏಣಿ

ಏರ್ ಡೆಕ್ಕನ್‌ನ ಒಂದು ರೂಪಾಯಿ ಟಿಕೆಟ್ ಇಂದಿಗೂ ಜನರ ನೆನಪಿನಲ್ಲಿದೆ. ಆ ದರದ ಸೀಟುಗಳು ಇದ್ದದ್ದು ಕೆಲವೇ, ತೆರಿಗೆ ಬೇರೆ. ಆದರೂ ಅದು ಮಾಡಿದ ಕೆಲಸ ದೊಡ್ಡದು: ವಿಮಾನ ತಮ್ಮಂಥವರಿಗಲ್ಲ ಎಂದುಕೊಂಡಿದ್ದ ಜನ ಮೊದಲ ಸಲ ದರ ವಿಚಾರಿಸಿದರು. ವಿಚಾರಿಸಿದವರಲ್ಲಿ ಅನೇಕರು ಒಂದು ರೂಪಾಯಿ ಸೀಟು ಸಿಗದಿದ್ದರೂ ಬೇರೆ ದರಕ್ಕೆ ಕೊಂಡರು. ಟಿಕೆಟ್ ಮಾರಲು ಅದು ಪೆಟ್ರೋಲ್ ಬಂಕ್‌ಗಳನ್ನೂ ಬಳಸಿತು. ಕ್ರೆಡಿಟ್ ಕಾರ್ಡ್ ಇಲ್ಲದವರ ಬಳಿ ನಗದು ಇದೆ ಎಂಬುದು ಅದಕ್ಕೆ ಗೊತ್ತಿತ್ತು. ಈಗ ಯುಪಿಐ ಬಂದಿದೆ, ಆದರೆ ಮೊದಲ ಸಲ ಹಾರುವವರು ಈಗಲೂ ಊರಿನ ಸೈಬರ್ ಸೆಂಟರಿನವರನ್ನೇ ನಂಬುತ್ತಾರೆ. ಅವರಿಗೆ ಕಮಿಷನ್ ಕೊಡಿ.

ಮೊದಲು ಕೊಂಡವರಿಗೆ ಕಡಿಮೆ, ಕೊನೆಗೆ ಬಂದವರಿಗೆ ಹೆಚ್ಚು. ಈ ಏಣಿಯನ್ನು ಪ್ರಯಾಣಿಕರು ಒಪ್ಪುತ್ತಾರೆ. ಒಪ್ಪದಿರುವುದು ಕೊನೆಯ ಪುಟದಲ್ಲಿ ಒಂದೊಂದಾಗಿ ಏಳುವ ಶುಲ್ಕಗಳನ್ನು. ಊಟಕ್ಕೆ, ಸೀಟಿನ ಆಯ್ಕೆಗೆ, ಹೆಚ್ಚುವರಿ ಲಗೇಜಿಗೆ ಹಣ ಕೇಳಿ, ತಪ್ಪಿಲ್ಲ. ಮೊದಲ ಪುಟದಲ್ಲೇ ಕೇಳಿ. ಹಬ್ಬಕ್ಕೆ ಮುಂಚಿನ ದಿನ ಹುಬ್ಬಳ್ಳಿ ಟಿಕೆಟ್ಟಿಗೆ ಹದಿನೆಂಟು ಸಾವಿರ ಎಂದು ತೋರಿಸುವ ಕಂಪ್ಯೂಟರಿಗೆ ಮೇಲ್ಮಿತಿ ಹಾಕಿ. ಆ ಒಂದು ಪರದೆಯ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಸುತ್ತಿದರೆ ಆಗುವ ಹಾನಿಯನ್ನು ಆ ಹದಿನೆಂಟು ಸಾವಿರ ತುಂಬಿಕೊಡುವುದಿಲ್ಲ.

ಹೆಜ್ಜೆ 7: ಈಗ ಹೆಸರು, ಬಣ್ಣ, ಮಾತು

ಇಷ್ಟು ಹೊತ್ತಿಗೆ ನಿಮ್ಮ ಪ್ರಯಾಣಿಕ ಯಾರು, ಅವರಿಗೆ ಯಾವ ಮಾತು ಕೊಡಬಲ್ಲಿರಿ ಎಂಬುದು ಗೊತ್ತಾಗಿರುತ್ತದೆ. ಆ ಮಾತು ಒಂದೇ ಆಗಿರಲಿ. ಏರ್ ಡೆಕ್ಕನ್ ಕೊಟ್ಟದ್ದು 'ನೀವೂ ಹಾರಬಹುದು' ಎಂಬ ಮಾತು. ಅದಕ್ಕೆ ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನ ಚಿತ್ರವನ್ನೇ ಗುರುತಾಗಿ ಪಡೆಯಿತು. ಪಂಚೆ, ಚೌಕಳಿ ಕೋಟಿನ ಆ ಮುದುಕನನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಇಂಡಿಗೊ ಕೊಟ್ಟದ್ದು 'ಹೇಳಿದ ಹೊತ್ತಿಗೆ' ಎಂಬ ಮಾತು. ಎರಡೂ ಒಳ್ಳೆಯವೇ. ಆದರೆ ಮೊದಲನೆಯದು ದರದ ಮೇಲೆ ನಿಂತಿದೆ, ಅದನ್ನು ನಾಳೆ ಇನ್ನೊಬ್ಬರು ನೂರು ರೂಪಾಯಿ ಇಳಿಸಿ ಕಸಿಯಬಹುದು. ಎರಡನೆಯದನ್ನು ಕಸಿಯಬೇಕಾದರೆ ಇಡೀ ಸಂಸ್ಥೆಯನ್ನು ಹಾಗೆ ಕಟ್ಟಬೇಕು.

ಮುಂದೆ ಆದದ್ದು ಬ್ರ್ಯಾಂಡ್ ಕಲಿಯುವವರಿಗೆ ಸಿದ್ಧ ಪಾಠ. ಅರವತ್ತಕ್ಕೂ ಹೆಚ್ಚು ಊರುಗಳಿಗೆ ಹರಡಿದ ಏರ್ ಡೆಕ್ಕನ್ ನಷ್ಟದಲ್ಲಿತ್ತು. 2007ರಲ್ಲಿ ವಿಜಯ್ ಮಲ್ಯರ ಯುಬಿ ಸಮೂಹ ಶೇ. 26ರಷ್ಟು ಪಾಲು ಕೊಂಡಿತು. ಶ್ರೀಸಾಮಾನ್ಯ ಹೋಗಿ ಮಿಂಚುಳ್ಳಿ ಬಂತು, 2008ರಲ್ಲಿ ಹೆಸರು ಕಿಂಗ್‌ಫಿಷರ್ ರೆಡ್ ಆಯಿತು. ಐಷಾರಾಮಿ ಎಂದು ಹೆಸರಾದ ಸಂಸ್ಥೆಯ ಬಣ್ಣದಲ್ಲೇ ಅಗ್ಗದ ಸೀಟು ಮಾರಿದಾಗ, ಹೆಚ್ಚು ಹಣ ಕೊಡುವವರಿಗೂ ಕಡಿಮೆ ಹಣ ಕೊಡುವವರಿಗೂ ತಾವು ಯಾವುದರಲ್ಲಿ ಕೂತಿದ್ದೇವೆ ಎಂಬುದು ತಿಳಿಯದಾಯಿತು. 2011ರಲ್ಲಿ ರೆಡ್ ನಿಲ್ಲುವುದೆಂದು ಘೋಷಣೆಯಾಯಿತು, ಮರುವರ್ಷ ಇಡೀ ಕಿಂಗ್‌ಫಿಷರ್ ನಿಂತಿತು. 2017ರ ಡಿಸೆಂಬರ್‌ನಲ್ಲಿ ಏರ್ ಡೆಕ್ಕನ್ ಎಂಬ ಹೆಸರು ಉಡಾನ್ ಮಾರ್ಗಗಳಲ್ಲಿ 18 ಸೀಟಿನ ವಿಮಾನಗಳ ಮೇಲೆ ಮರಳಿ ಬಂದು 2020ರಲ್ಲಿ ಮತ್ತೆ ನಿಂತುಹೋಯಿತು. ದೇಶಕ್ಕೆಲ್ಲ ಗೊತ್ತಿದ್ದ ಹೆಸರೂ ಹದಿನೆಂಟು ಸೀಟಿನ ಲೆಕ್ಕವನ್ನು ಉಳಿಸಲಿಲ್ಲ.

ಹೆಸರನ್ನು ಆರಿಸುವಾಗ ಕಲಬುರಗಿಯ ಆಟೊ ಚಾಲಕರೂ ಕಣ್ಣೂರಿನ ನರ್ಸ್ ಕೂಡ ಒಂದೇ ಸಲಕ್ಕೆ ಉಚ್ಚರಿಸುವಂತಿದೆಯೇ ನೋಡಿ. ಒಂದು ಊರಿಗೆ ಕಟ್ಟಿಹಾಕುವ ಹೆಸರು ಬೇಡ. ಪ್ರಕಟಿಸುವ ಮುನ್ನ ಸಾರಿಗೆ ಸೇವೆಗಳ ವರ್ಗವಾದ 39ರಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ, ಜಾಲತಾಣದ ವಿಳಾಸ ಕೊಂಡಿಟ್ಟುಕೊಳ್ಳಿ.

ಹಣ ಖರ್ಚಾಗದ ಕಡೆ ಜಾಣ್ಮೆ ತೋರಿಸಿ. ಸ್ಪೈಸ್‌ಜೆಟ್ ತನ್ನ ಒಂದೊಂದು ವಿಮಾನಕ್ಕೂ ಒಂದೊಂದು ಮಸಾಲೆ ಪದಾರ್ಥದ ಹೆಸರಿಟ್ಟಿತು. ಖರ್ಚು ಒಂದು ಸಾಲಿನ ಬಣ್ಣದಷ್ಟು. ಪೂರ್ತಿ ಮೈಗೆ ಚಿತ್ತಾರ ಬರೆಸುವ ಆಸೆ ಬಿಡಿ. ಬಾಡಿಗೆ ವಿಮಾನವನ್ನು ಹಿಂತಿರುಗಿಸುವಾಗ ಅದನ್ನು ಅಳಿಸುವ ಖರ್ಚೂ ನಿಮ್ಮದೇ. ಬಾಲ, ಎಂಜಿನ್ ಕವಚ, ಬಾಗಿಲ ಬಳಿ ಹೆಸರು ಇಷ್ಟು ಸಾಕು.

ಭಾಷೆಗೆ ಖರ್ಚು ಇನ್ನೂ ಕಡಿಮೆ, ಫಲ ಎಲ್ಲಕ್ಕಿಂತ ಹೆಚ್ಚು, ಹಾಗಿದ್ದೂ ಹೆಚ್ಚಿನವರು ಅದನ್ನು ಮರೆಯುತ್ತಾರೆ. ಬೀದರ್ ವಿಮಾನದಲ್ಲಿ ಮೊದಲ ಸಲ ಹಾರುವ ಅಜ್ಜಿಗೆ ಬೆಲ್ಟ್ ಹಾಕುವುದನ್ನು ಇಂಗ್ಲಿಷಿನಲ್ಲಿ ಹೇಳಿ ಏನು ಬಂತು? ಪ್ರಕಟಣೆ, ಬೋರ್ಡಿಂಗ್ ಪಾಸಿನ ಸಂದೇಶ, ಸಹಾಯವಾಣಿ ಮಾರ್ಗದ ಭಾಷೆಯಲ್ಲಿರಲಿ. ಅದೂ ಯಂತ್ರ ತರ್ಜುಮೆ ಬೇಡ, ಜನ ಆಡುವ ಕನ್ನಡ ಇರಲಿ. ಮೊದಲ ಸಲ ಬರುವವರಿಗೆ ಎಷ್ಟು ಹೊತ್ತಿಗೆ ಬರಬೇಕು, ಯಾವ ಗುರುತಿನ ಚೀಟಿ ತರಬೇಕು, ಉಪ್ಪಿನಕಾಯಿ ಡಬ್ಬಿಯನ್ನು ಯಾವ ಚೀಲದಲ್ಲಿ ಇಡಬೇಕು ಎಂಬ ಮೂರು ಸಾಲು ಹಿಂದಿನ ದಿನವೇ ಹೋಗಲಿ. ತಪಾಸಣೆಯ ಸಾಲಿನಲ್ಲಿ ಅವಮಾನವಾದವರು ಮತ್ತೆ ಬಸ್ಸಿಗೇ ಹೋಗುತ್ತಾರೆ.

ಹೆಜ್ಜೆ 8: ಮೊದಲ ತಿಂಗಳು, ಮತ್ತು ನಿಲ್ಲಿಸುವ ತಿಂಗಳು

ಆರಂಭದಲ್ಲಿ ಕಡಿಮೆ ಹಾರಾಟಗಳನ್ನು ಇಟ್ಟುಕೊಂಡು ಎಲ್ಲವನ್ನೂ ಸಮಯಕ್ಕೆ ಹಾರಿಸಿ. ವಿಳಂಬವಾದರೆ ಕಾರಣವನ್ನು ಹದಿನೈದು ನಿಮಿಷದೊಳಗೆ ತಿಳಿಸುವ ಅಧಿಕಾರ ನಿಲ್ದಾಣದ ವ್ಯವಸ್ಥಾಪಕರಿಗೇ ಇರಲಿ. 'ಕಾರ್ಯಾಚರಣೆಯ ಕಾರಣ' ಎಂಬ ಪದಗುಚ್ಛವನ್ನು ಸಂಸ್ಥೆಯಲ್ಲಿ ನಿಷೇಧಿಸಿ. ಟೈರ್ ಬದಲಿಸುತ್ತಿದ್ದೇವೆ ಎಂದರೆ ಜನ ಕಾಯುತ್ತಾರೆ.

ಪ್ರತಿ ಮಾರ್ಗಕ್ಕೂ ಒಂಬತ್ತು ತಿಂಗಳ ಗಡುವು ಇಡಿ. ಅಷ್ಟರಲ್ಲಿ ಇಂಧನ, ಸಿಬ್ಬಂದಿ, ನಿಲ್ದಾಣದ ಶುಲ್ಕವಾದರೂ ಹುಟ್ಟದಿದ್ದರೆ ನಿಲ್ಲಿಸಿ. ನಿಲ್ಲಿಸುವುದಕ್ಕೂ ಕ್ರಮವಿದೆ. ಎರಡು ವಾರ ಮೊದಲೇ ತಿಳಿಸಿದರೆ ನಿಯಮದ ಪ್ರಕಾರ ಪರಿಹಾರ ಕೊಡಬೇಕಿಲ್ಲ. ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿಗೆ ತಕ್ಕಂತೆ ತಲೆಗೆ ಗರಿಷ್ಠ 5,000ದಿಂದ 10,000 ರೂಪಾಯಿವರೆಗೆ ತೆರಬೇಕಾಗುತ್ತದೆ. ನೀವು ಒಂದು ತಿಂಗಳು ಮೊದಲೇ ತಿಳಿಸಿ, ಕೇಳುವ ಮುಂಚೆಯೇ ಹಣ ಹಿಂತಿರುಗಿಸಿ, ಬುಕಿಂಗ್ ತಂದ ಏಜೆಂಟರ ಕಮಿಷನ್ ಬಾಕಿ ಚುಕ್ತಾ ಮಾಡಿ. ಎರಡು ವರ್ಷ ಬಿಟ್ಟು ಅದೇ ಊರಿಗೆ ದೊಡ್ಡ ವಿಮಾನ ತರುವಾಗ ಮೊದಲು ಹೋಗಬೇಕಾದದ್ದು ಅವರ ಅಂಗಡಿಗೇ.